ಮನೆಯಲ್ಲೇ ಇಪ್ಪತ್ತೈದು ಜನಕ್ಕೆ ಎಲೆ ಹಾಕುವುದು: ನೆಂಟರನ್ನೂ ಹಳೆಯ ಗೆಳೆಯರನ್ನೂ ಒಟ್ಟಿಗೆ ಕರೆಯುವವರಿಗೆ

ನೆಂಟರಿಷ್ಟರನ್ನೂ ಓದಿನ ದಿನಗಳ ಗೆಳೆಯರನ್ನೂ ಒಂದೇ ದಿನ ಮನೆಗೆ ಕರೆದು ಊಟ ಹಾಕಬೇಕೆಂಬ ಆಸೆ ಅನೇಕರಿಗೆ ಇರುತ್ತದೆ. ಇಪ್ಪತ್ತೈದು ಜನಕ್ಕೆ ಅಡುಗೆಯಾಗಬೇಕು ಎಂದು ಲೆಕ್ಕ ಹಾಕುತ್ತಿದ್ದಂತೆಯೇ ಆ ಆಸೆ ಹೋಟೆಲಿನ ಪಾರ್ಟಿ ಹಾಲಿನ ಕಡೆಗೋ ಅಡುಗೆ ಕಂಟ್ರಾಕ್ಟರರ ಕಡೆಗೋ ವಾಲುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋಟೆಲಿನಲ್ಲಿ ಮೂರು ಗಂಟೆಯಾಗುತ್ತಲೇ ಮೇಜು ಒರೆಸಲು ಹುಡುಗರು ಬಂದು ನಿಲ್ಲುತ್ತಾರೆ. ಊಟ ಮುಗಿಸಿ, ಚಾಪೆಯ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಕೂತ ಮೇಲಷ್ಟೇ ಹೊರಬರುವ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಅಂಥ ಮಾತಿಗಾಗಿಯೇ ಜನರನ್ನು ಮನೆಗೆ ಕರೆಯುವುದು.

ಇಲ್ಲಿ ಹೇಳುವ ಕ್ರಮವೆಲ್ಲ ಒಂದೇ ಅಳತೆಗೋಲಿನ ಮೇಲೆ ನಿಂತಿದೆ: ಕರೆದವರಿಗೂ ಬಂದವರ ಜೊತೆ ಕೂತು ಮಾತಾಡಲು ಸಿಗಬೇಕು. ನಮ್ಮ ಬಹಳಷ್ಟು ಮನೆಗಳಲ್ಲಿ ಹಾಗಾಗುವುದಿಲ್ಲ. ಮನೆಯ ಹೆಂಗಸರು ಇಡೀ ದಿನ ಒಲೆ ಮತ್ತು ಸಿಂಕಿನ ನಡುವೆ ಕಳೆಯುತ್ತಾರೆ, ಗಂಡಸರು ಮೊಸರು ಸಾಲದೆಂದು ಅಂಗಡಿಗೆ ಓಡುತ್ತಾರೆ, ಕೊನೆಗೆ ಎಲ್ಲರೂ ಹೊರಡುವಾಗ ಬಾಗಿಲಲ್ಲಿ ನಿಂತು ‘ನಿಮ್ಮ ಜೊತೆ ಮಾತಾಡಲೇ ಆಗಲಿಲ್ಲವಲ್ಲ’ ಎಂದು ಎರಡೂ ಕಡೆಯವರು ಪೇಚಾಡುತ್ತಾರೆ. ಇದನ್ನು ತಪ್ಪಿಸಲು ಒಲೆಯ ಕೆಲಸ ಬೆಳಿಗ್ಗೆ ಹನ್ನೊಂದಕ್ಕೆ ಮುಗಿಯುವಂತೆ ಅಡುಗೆಯನ್ನು ಆರಿಸಿಕೊಳ್ಳಬೇಕು. ಆಮೇಲೆ ಉಳಿಯಬೇಕಾದದ್ದು ಅನ್ನ ಮಾಡುವುದು, ಸಾರು ಬಿಸಿ ಮಾಡುವುದು ಮತ್ತು ಹಪ್ಪಳ ಕರಿಯುವುದು ಮಾತ್ರ.

ದಿನ ಗೊತ್ತುಮಾಡುವುದು

ನನ್ನ ಮಟ್ಟಿಗೆ ಇದಕ್ಕೆ ಧನುರ್ಮಾಸಕ್ಕಿಂತ ಒಳ್ಳೆಯ ಕಾಲವಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮಲ್ಲಿ ಸಾಮಾನ್ಯವಾಗಿ ಮದುವೆ, ಗೃಹಪ್ರವೇಶಗಳನ್ನು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ನೆಂಟರಿಗೆ ಬೇರೆಡೆಯ ಕರೆ ಇರುವುದಿಲ್ಲ. ಹೊರದೇಶದಲ್ಲಿರುವವರು ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಿರುತ್ತಾರೆ. ಮಾರ್ಚ್ ಹತ್ತಿರವಾದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯವರು ಅಲುಗಾಡುವುದಿಲ್ಲ. ಇಲ್ಲಿ ಆ ತೊಂದರೆಯೂ ಕಡಿಮೆ. ಎಲ್ಲಕ್ಕಿಂತ ಮಿಗಿಲಾಗಿ ಇದು ಅವರೆಕಾಯಿಯ ಕಾಲ. ವೈಕುಂಠ ಏಕಾದಶಿ ಈ ತಿಂಗಳಲ್ಲೇ ಬರುವುದುಂಟು. ಹಿರಿಯರು ಅಂದು ಉಪವಾಸವಿರುತ್ತಾರಾದ್ದರಿಂದ ಪಂಚಾಂಗವನ್ನೊಮ್ಮೆ ನೋಡಿ ಭಾನುವಾರವನ್ನು ಆರಿಸಿಕೊಳ್ಳಿ. ಧನುರ್ಮಾಸ ಕೂಡಿಬರದಿದ್ದರೆ ಆಷಾಢವೂ ಮದುವೆಗಳಿಲ್ಲದ ತಿಂಗಳೇ, ಆದರೆ ಮಳೆಯಲ್ಲಿ ಇಪ್ಪತ್ತೈದು ಜೊತೆ ಒದ್ದೆ ಚಪ್ಪಲಿಗಳನ್ನು ಎಲ್ಲಿಡುವುದೆಂದು ಯೋಚಿಸಿಕೊಳ್ಳಬೇಕಾಗುತ್ತದೆ.

ಕರೆಯುವುದನ್ನು ಎರಡು ತಿಂಗಳಿಗೂ ಮೊದಲೇ ಶುರುಮಾಡಿ. ದೂರದ ಊರಿನವರು ರೈಲಿನಲ್ಲಿ ಬರುವುದಾದರೆ ಮುಂಗಡ ಟಿಕೆಟ್ 60 ದಿನ ಮೊದಲು ಸಿಗಲು ಶುರುವಾಗುತ್ತದೆ, ವರ್ಷದ ಕೊನೆಯ ವಾರದ ಸೀಟುಗಳು ಬೇಗನೆ ತುಂಬಿಹೋಗುತ್ತವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಐವತ್ತು ದಾಟಿದವರಿಗೆ ಫೋನ್ ಮಾಡಿ, ‘ನೀವು ಬಂದರೇ ಚೆಂದ’ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಕರೆ. ಇಲ್ಲವಾದರೆ ಅವರ ಪಾಲಿಗೆ ಅದು ಬರೀ ಸುದ್ದಿ. ಫೋನಿನಲ್ಲಿ ಎರಡು ಸಮಯಗಳನ್ನು ಬಿಡಿಸಿ ಹೇಳಿ: ಮನೆಗೆ ಬರುವುದು ಹನ್ನೊಂದಕ್ಕೆ, ಎಲೆ ಹಾಕುವುದು ಹನ್ನೆರಡೂವರೆಗೆ. ಬರಿದೇ ‘ಊಟಕ್ಕೆ ಬನ್ನಿ’ ಎಂದರೆ ಒಬ್ಬರು ಹತ್ತಕ್ಕೆ ಬರುತ್ತಾರೆ, ಇನ್ನೊಬ್ಬರು ಎರಡಕ್ಕೆ ಬರುತ್ತಾರೆ. ಅದೇ ಮಾತಿನಲ್ಲಿ ಸಕ್ಕರೆ ಕಾಯಿಲೆ ಯಾರಿಗಿದೆ, ಈರುಳ್ಳಿ ಬೆಳ್ಳುಳ್ಳಿ ಯಾರು ತಿನ್ನುವುದಿಲ್ಲ, ಕಡಲೆಕಾಯಿ ಯಾರಿಗೆ ಆಗುವುದಿಲ್ಲ, ನೆಲದ ಮೇಲೆ ಕೂರಲು ಯಾರಿಗೆ ಕಷ್ಟ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ.

ನೆಂಟರನ್ನೂ ಗೆಳೆಯರನ್ನೂ ಬೇರೆ ಬೇರೆ ದಿನ ಕರೆಯುವುದೇ ಅನುಕೂಲವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೈಸ್ಕೂಲಿನ ಗೆಳೆಯನೊಬ್ಬನಿಗೆ ನಿಮ್ಮ ಅಮ್ಮನ ಕೈಯ ಉಪ್ಪಿಟ್ಟು ನೆನಪಿರುತ್ತದೆ, ಅಮ್ಮನಿಗೆ ಅವನು ಪರೀಕ್ಷೆಯ ಹಿಂದಿನ ರಾತ್ರಿ ನಿಮ್ಮ ಮನೆಯಲ್ಲೇ ಮಲಗಿದ್ದದ್ದು ನೆನಪಿರುತ್ತದೆ; ನಿಮ್ಮ ಮಕ್ಕಳಿಗೆ ಈ ಎರಡೂ ಗೊತ್ತಿರುವುದಿಲ್ಲ. ಇವರೆಲ್ಲ ಒಂದೇ ಕೋಣೆಯಲ್ಲಿ ಕೂತಾಗ ಮಾತು ತಾನಾಗಿ ಹೊರಡುತ್ತದೆ, ಅದಕ್ಕೆ ನೀವು ಏನೂ ಮಾಡಬೇಕಾಗಿಲ್ಲ.

ಏನು ಅಡುಗೆ, ಎಷ್ಟು ಅಡುಗೆ

ಇಪ್ಪತ್ತೈದು ಜನದ ಊಟಕ್ಕೆ ಒಂದು ಕೋಸಂಬರಿ, ಒಂದು ಪಲ್ಯ, ಪುಳಿಯೋಗರೆ, ಹಿದಕಿದ ಅವರೆಬೇಳೆಯ ಹುಳಿ, ತಿಳಿಸಾರು, ಒಂದು ಸಿಹಿ, ಹಪ್ಪಳ, ಉಪ್ಪಿನಕಾಯಿ ಮತ್ತು ಮೊಸರು ಧಾರಾಳವಾಗಿ ಸಾಕು. ಇನ್ನೆರಡು ಪಲ್ಯ, ಒಂದು ಗೊಜ್ಜು, ಬೋಂಡ ಎಂದು ಸೇರಿಸುತ್ತಾ ಹೋದರೆ ಎಲೆ ತುಂಬುತ್ತದೆ, ನಿಮ್ಮ ಬೆಳಗೂ ಅದರಲ್ಲೇ ಕಳೆದುಹೋಗುತ್ತದೆ. ಬೋಂಡ, ಪೂರಿ, ರಾಗಿಮುದ್ದೆಯಂಥವು ಒಲೆಯಿಂದ ಇಳಿದೊಡನೆ ಎಲೆಗೆ ಬೀಳಬೇಕಾದ ಪದಾರ್ಥಗಳು. ಎಂಟು ಜನಕ್ಕಾದರೆ ಅವು ಸೊಗಸು, ಇಪ್ಪತ್ತೈದು ಜನಕ್ಕೆ ಮಾಡಹೊರಟರೆ ಒಬ್ಬರು ಒಲೆ ಬಿಟ್ಟು ಕದಲುವಂತಿಲ್ಲ.

ಪುಳಿಯೋಗರೆಯನ್ನು ಸೇರಿಸಿದ್ದಕ್ಕೆ ಕಾರಣವಿದೆ. ಅದರ ಗೊಜ್ಜನ್ನು ಒಂದು ವಾರ ಮೊದಲೇ ಎಣ್ಣೆ ಬಿಡುವವರೆಗೆ ಕುದಿಸಿ ಒಣಗಿದ ಡಬ್ಬದಲ್ಲಿ ಎತ್ತಿಡಬಹುದು. ಅಂದು ಬೆಳಿಗ್ಗೆ ಅನ್ನವನ್ನು ಉದುರುದುರಾಗಿ ಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ, ಎಣ್ಣೆ ಚಿಮುಕಿಸಿ ಆರಿಸಿ, ಹತ್ತು ಗಂಟೆಗೆ ಕಲಸಿಟ್ಟರೆ ಒಂದು ಗಂಟೆಯ ಹೊತ್ತಿಗೆ ಅದು ಇನ್ನೂ ಹದವಾಗಿರುತ್ತದೆ. ಹುರಿದ ಕಡಲೆಕಾಯಿ ಬೀಜವನ್ನು ಮಾತ್ರ ಬಡಿಸುವ ಮೊದಲು ಸೇರಿಸಿ, ಇಲ್ಲವಾದರೆ ಮೆತ್ತಗಾಗುತ್ತದೆ. ಬಿಸಿಬೇಳೆಬಾತ್ ಎಲ್ಲರಿಗೂ ಇಷ್ಟ, ಆದರೆ ಅದು ನಿಂತಷ್ಟೂ ಗಟ್ಟಿಯಾಗುತ್ತದೆ, ತಳ ಹಿಡಿಯುತ್ತದೆ, ಪಕ್ಕದಲ್ಲಿ ಕುದಿಯುವ ನೀರನ್ನೂ ತುಪ್ಪವನ್ನೂ ಇಟ್ಟುಕೊಂಡು ಯಾರಾದರೂ ಕಾಯುತ್ತಿರಬೇಕು. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಈಗ ಅಳತೆ. ಅಕ್ಕಿಯನ್ನು ತಲೆಗೆ 120 ಗ್ರಾಮಿನಂತೆ ಹಿಡಿದರೆ ಒಟ್ಟು 3 ಕೆಜಿ ಆಗುತ್ತದೆ. ಅದರಲ್ಲಿ 1 ಕೆಜಿ ಪುಳಿಯೋಗರೆಗೆ, 2 ಕೆಜಿ ಬಿಳಿ ಅನ್ನಕ್ಕೆ. ಮನೆಯ 5 ಲೀಟರಿನ ಕುಕ್ಕರಿನಲ್ಲಿ ಒಂದು ಸಲಕ್ಕೆ ಮುಕ್ಕಾಲು ಕೆಜಿಗಿಂತ ಹೆಚ್ಚು ಅಕ್ಕಿ ಇಡಬೇಡಿ. ಆದ್ದರಿಂದ ಬಿಳಿ ಅನ್ನಕ್ಕೆ ಮೂರು ಸಲ ಕುಕ್ಕರ್ ಏರಿಸಬೇಕಾಗುತ್ತದೆ. ಪಕ್ಕದ ಮನೆಯವರಿಂದ ಇನ್ನೊಂದು ಕುಕ್ಕರನ್ನು ಎರವಲು ತಂದರೆ ಅರ್ಧ ಹೊತ್ತು ಉಳಿಯುತ್ತದೆ. ಸಾರಿಗೆ 300 ಗ್ರಾಂ ತೊಗರಿಬೇಳೆ ಸಾಕು. ಹುಳಿಗೆ ಹಿದಕಿದ ಬೇಳೆ ಸುಮಾರು 1 ಕೆಜಿ ಬೇಕು, ಅದಕ್ಕೆ 4 ಕೆಜಿಯಷ್ಟು ಸೊಗಡಿನ ಅವರೆಕಾಯಿ ತನ್ನಿ. ಕೋಸಂಬರಿಗೆ 300 ಗ್ರಾಂ ಹೆಸರುಬೇಳೆ ನೆನೆಸಿದರೆ ಅದು ಇಮ್ಮಡಿಯಾಗುತ್ತದೆ, ಜೊತೆಗೆ ಅರ್ಧ ಕೆಜಿ ಸೌತೆಕಾಯಿ ಮತ್ತು ಒಂದೆರಡು ಕ್ಯಾರೆಟ್ ಸಾಕು. ಹುರುಳಿಕಾಯಿ ಪಲ್ಯಕ್ಕೆ 2 ಕೆಜಿ ಹುರುಳಿಕಾಯಿ, ಎಲ್ಲಕ್ಕೂ ಸೇರಿ ಐದು ತೆಂಗಿನಕಾಯಿ, ತುಪ್ಪ ಅರ್ಧ ಕೆಜಿ. ಮೊಸರಿಗೆ ಮೂರೂವರೆ ಲೀಟರ್ ಹಾಲು ಹೆಪ್ಪು ಹಾಕಿ. ಈ ಚಳಿಯಲ್ಲಿ ಮೊಸರು ಗಟ್ಟಿಯಾಗಲು ಬೇಸಿಗೆಗಿಂತ ಹೆಚ್ಚು ಹೊತ್ತು ಬೇಕಾದ್ದರಿಂದ ಹಿಂದಿನ ಸಂಜೆ ಆರು ಗಂಟೆಗೇ ಹಾಲನ್ನು ಉಗುರುಬೆಚ್ಚಗೆ ಮಾಡಿ ಹೆಪ್ಪು ಬೆರೆಸಿ, ಪಾತ್ರೆಗೆ ಟವೆಲ್ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಡಿ.

ಸಿಹಿಯ ವಿಚಾರದಲ್ಲಿ ನಿಮ್ಮ ಶಕ್ತಿ ನೋಡಿಕೊಳ್ಳಿ. 1 ಕೆಜಿ ಕಡಲೆಬೇಳೆ ಮತ್ತು 1 ಕೆಜಿ ಬೆಲ್ಲದ ಹೂರಣಕ್ಕೆ ಗಾತ್ರವನ್ನನುಸರಿಸಿ ನಲವತ್ತರಿಂದ ಐವತ್ತು ಹೋಳಿಗೆ ಬರುತ್ತದೆ. ಹೂರಣವನ್ನು ಹಿಂದಿನ ದಿನ ರುಬ್ಬಿಟ್ಟರೂ ತಟ್ಟಿ ಬೇಯಿಸುವುದು ಎರಡು ಗಂಟೆಯ ಕೆಲಸ, ಅದಕ್ಕೆ ಇಬ್ಬರು ಬೇಕು. ಮನೆಯಲ್ಲಿ ಆ ಕೈ ಪಳಗಿದವರಿಲ್ಲದಿದ್ದರೆ ಹೋಳಿಗೆಯನ್ನು ಅಂಗಡಿಯಿಂದ ತರಿಸಿ, ಸಂಕೋಚವೇನೂ ಬೇಡ. ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ನೆಂಟರ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ನಮ್ಮದೇ ಹೆಸರಿನ ಮೇಲಿನ ಪ್ರೀತಿ. ಶಾವಿಗೆ ಪಾಯಸ ಮಾಡುವುದಾದರೆ 300 ಗ್ರಾಂ ಶಾವಿಗೆಗೆ ಎರಡೂವರೆ ಲೀಟರ್ ಹಾಲು ಹಿಡಿಯಿರಿ. ಪಾಯಸವೂ ನಿಂತರೆ ಗಟ್ಟಿಯಾಗುವುದರಿಂದ ಅರ್ಧ ಲೀಟರ್ ಬಿಸಿ ಹಾಲನ್ನು ಬೇರೆಯಾಗಿ ಇಟ್ಟಿರಿ.

ಬಾಡೂಟದ ಮನೆಗಳಲ್ಲೂ ಕ್ರಮ ಇದೇ. ಕೋಳಿಸಾರು, ಮಟನ್ ಸಾರುಗಳನ್ನು ಬೆಳಿಗ್ಗೆಯೇ ಮಾಡಿಟ್ಟರೆ ಮಸಾಲೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ. 1 ಕೆಜಿ ಮಟನ್ ಐದಾರು ಜನಕ್ಕೆ ಬರುತ್ತದೆ. ಗೆಳೆಯರಲ್ಲಿ ಸಸ್ಯಾಹಾರಿಗಳಿದ್ದರೆ ಅವರ ಪಾತ್ರೆ, ಸೌಟು, ಬಡಿಸುವವರು ಮೂರೂ ಬೇರೆಯಾಗಿರಲಿ, ಮತ್ತು ಅದನ್ನು ಅವರಿಗೆ ಮೊದಲೇ ತಿಳಿಸಿ. ಅನುಮಾನದಲ್ಲಿ ಕೂತವರಿಗೆ ಯಾವ ಊಟವೂ ರುಚಿಸುವುದಿಲ್ಲ.

ಹಿಂದಿನ ದಿನ

ಊರಿಂದ ಬರುವ ನೆಂಟರಲ್ಲಿ ಕೆಲವರಾದರೂ ಹಿಂದಿನ ಸಂಜೆಯೇ ಬಂದಿರುತ್ತಾರೆ. ಅವರಿಗೆ ಕೆಲಸ ಕೊಡಲು ಹಿಂಜರಿಯಬೇಡಿ. ಬೆಳಿಗ್ಗೆಯೇ ಅವರೆಕಾಯಿ ಬಿಡಿಸಿ ಕಾಳನ್ನು ನೀರಿನಲ್ಲಿ ನೆನೆಹಾಕಿದ್ದರೆ ಸಂಜೆಗೆ ಸಿಪ್ಪೆ ಸಡಿಲವಾಗಿರುತ್ತದೆ. ನಡುಮನೆಯಲ್ಲಿ ಒಂದು ಅಗಲವಾದ ಬೇಸಿನ್ ಇಟ್ಟು ಸುತ್ತ ಕೂತು ಹಿದಕತೊಡಗಿದರೆ ಕಾಳು ಚಿಮ್ಮಿ ಯಾರದೋ ಕನ್ನಡಕಕ್ಕೆ ಬಡಿಯುತ್ತದೆ, ಮಕ್ಕಳು ಅದನ್ನೇ ಆಟವಾಗಿ ಮಾಡಿಕೊಳ್ಳುತ್ತಾರೆ, ಚಿಕ್ಕಮ್ಮ ಅತ್ತೆಯಂದಿರ ಮಾತು ಯಾವುದೋ ಮದುವೆಯಿಂದ ಶುರುವಾಗಿ ಇನ್ನಾವುದೋ ಮನೆಯ ಮುನಿಸಿನವರೆಗೆ ಹೋಗುತ್ತದೆ. ಕೈಗೆ ಕೆಲಸವಿದ್ದಾಗ ಬರುವ ಮಾತಿನ ಸಲೀಸು ಸುಮ್ಮನೆ ಎದುರುಬದುರು ಕೂತಾಗ ಬರುವುದಿಲ್ಲ. ಹಿದಕಿದ ಬೇಳೆ ಮಾರುಕಟ್ಟೆಯಲ್ಲಿ ಸಿದ್ಧವಾಗಿಯೂ ಸಿಗುತ್ತದೆ. ಮನೆಯಲ್ಲಿ ಕೈಗಳು ಕಡಿಮೆಯಿದ್ದರೆ ಅದನ್ನೇ ಕೊಳ್ಳಿ, ಆದರೆ ಜನವಿದ್ದೂ ಕೊಂಡರೆ ಈ ಸಂಜೆ ತಪ್ಪಿಹೋಗುತ್ತದೆ. ಬೇಳೆಯನ್ನು ರಾತ್ರಿ ಫ್ರಿಜ್ಜಿನಲ್ಲಿಡಿ, ಬೆಳಿಗ್ಗೆ ಅದು ಬೇಗನೆ ಬೇಯುತ್ತದೆ.

ಹುರುಳಿಕಾಯಿ ಹೆಚ್ಚಿಡುವುದು, ಕಾಯಿ ತುರಿದು ಮುಚ್ಚಿದ ಡಬ್ಬದಲ್ಲಿ ಫ್ರಿಜ್ಜಿಗೆ ಸೇರಿಸುವುದು, ಹುಣಸೆಹಣ್ಣು ನೆನೆಸುವುದು, ಹುಳಿಯ ಮಸಾಲೆಗೆ ಬೇಕಾದದ್ದನ್ನು ಹುರಿದಿಡುವುದು, ಇಷ್ಟೂ ಹಿಂದಿನ ದಿನವೇ ಮುಗಿಯಲಿ. ಸೌತೆಕಾಯಿ ಮಾತ್ರ ಅಂದೇ ಹೆಚ್ಚಬೇಕು. ಕೋಸಂಬರಿಗೆ ಉಪ್ಪು, ನಿಂಬೆರಸ ಬೀಳುವುದು ಎಲೆಯ ಮುಂದೆ ಜನ ಕೂರುವ ಹೊತ್ತಿಗೆ, ಇಲ್ಲವಾದರೆ ನೀರು ಬಿಟ್ಟುಕೊಂಡು ಬೇಳೆ ಅದರಲ್ಲಿ ತೇಲುತ್ತದೆ. ಗ್ಯಾಸ್ ಸಿಲಿಂಡರನ್ನು ಎತ್ತಿ ನೋಡಿ, 14.2 ಕೆಜಿಯ ಸಿಲಿಂಡರ್ ಮುಗಿಯುವುದು ಯಾವಾಗಲೂ ಇಂಥ ದಿನವೇ, ಆದ್ದರಿಂದ ತುಂಬಿದ ಇನ್ನೊಂದು ಮನೆಯಲ್ಲಿರಬೇಕು. ಕುಡಿಯುವ ನೀರಿಗೆ 20 ಲೀಟರಿನ ಎರಡು ಕ್ಯಾನ್ ತರಿಸಿ. ದೊಡ್ಡ ತಪ್ಪಲೆ, ಬಡಿಸುವ ಬಕೆಟ್, ಸೌಟು, ಜಗ್ಗು, ಪ್ಲಾಸ್ಟಿಕ್ ಕುರ್ಚಿ, ಉದ್ದನೆಯ ಮೇಜುಗಳನ್ನು ಶಾಮಿಯಾನ ಅಂಗಡಿಯವರು ಬಾಡಿಗೆಗೆ ಕೊಡುತ್ತಾರೆ; ತಂದಾಗಲೇ ಎಣಿಸಿ ಬರೆದಿಟ್ಟುಕೊಳ್ಳಿ.

ಬಾಳೆ ಎಲೆಯನ್ನು ಬೆಂಗಳೂರಿನಲ್ಲಾದರೆ ಗಾಂಧಿಬಜಾರಿನಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ, ಮೈಸೂರಿನಲ್ಲಾದರೆ ದೇವರಾಜ ಮಾರುಕಟ್ಟೆಯಲ್ಲೋ ಹಿಂದಿನ ದಿನವೇ ಕೊಂಡು, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹರಿದವು ಇದ್ದೇ ಇರುತ್ತವೆ, ಐದಾರು ಹೆಚ್ಚಾಗಿಯೇ ತನ್ನಿ. ಎಲೆ ಸಿಗದಿದ್ದರೆ ಸ್ಟೀಲ್ ತಟ್ಟೆಗಳು ಸಾಕು. ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ, ಇಲ್ಲದಿದ್ದರೂ ಅವುಗಳಲ್ಲಿ ಬಿಸಿ ಸಾರು ಬಡಿಸುವುದು ಚೆನ್ನಾಗಿರುವುದಿಲ್ಲ.

ಮನೆಯನ್ನು ಅಲಂಕರಿಸುವ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಬಾಗಿಲಲ್ಲಿ ರಂಗೋಲಿ, ಒಳಗೆ ಒಂದು ಮೊಳ ಮಲ್ಲಿಗೆ ಇದ್ದರೆ ಸಾಕು. ಆ ಹೊತ್ತನ್ನು ಬಚ್ಚಲಿನ ಮೇಲೆ ಕಳೆಯಿರಿ: ನೆಲ ಒಣಗಿರಬೇಕು, ಜಾರದ ಮ್ಯಾಟ್ ಇರಬೇಕು, ಸೋಪು, ಒಣ ಟವೆಲ್, ಬಟ್ಟೆ ನೇತುಹಾಕಲು ಮೊಳೆ ಇರಬೇಕು, ಮಂಡಿ ನೋವಿರುವವರಿಗೆ ಕಮೋಡ್ ಇರುವ ಬಚ್ಚಲು ಯಾವುದೆಂದು ಬಂದೊಡನೆ ತೋರಿಸಬೇಕು. ಒಂದು ಕೋಣೆಯ ಮಂಚವನ್ನು ಚೀಲಗಳಿಂದ ಮುಚ್ಚದೆ ಖಾಲಿ ಬಿಡಿ. ಊಟವಾದ ಮೇಲೆ ಹಿರಿಯರೊಬ್ಬರಿಗೆ ಅರ್ಧ ಗಂಟೆ ಒರಗುವ ಆಸೆಯಾಗುತ್ತದೆ, ಅವರು ಬಾಯಿಬಿಟ್ಟು ಕೇಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಗೇಟಿನ ಕಾವಲುಗಾರರಿಗೆ ಬರುವವರ ಹೆಸರು, ಗಾಡಿ ನಿಲ್ಲಿಸುವ ಜಾಗ ಎರಡನ್ನೂ ಹೇಳಿಟ್ಟರೆ ಅಂದು ನಿಮ್ಮ ಫೋನು ಬಡಿದುಕೊಳ್ಳುವುದು ತಪ್ಪುತ್ತದೆ.

ಬಂದವರು, ಎಲೆ, ಬಡಿಸುವುದು

ಬಿಸಿಲಲ್ಲಿ ಬಂದವರಿಗೆ ಮೊದಲು ನೀರು. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ನೀರಿನ ಜೊತೆ ಬೆಲ್ಲದ ಚೂರು ಕೊಡುವ ಪದ್ಧತಿಯಿದೆ. ಎಲ್ಲಿಯವರೇ ಆದರೂ ಅದನ್ನು ಅನುಸರಿಸಬಹುದು, ಅದಕ್ಕಿಂತ ಸುಲಭವಾದ ಉಪಚಾರವಿಲ್ಲ. ಹನ್ನೊಂದರ ಹೊತ್ತಿಗೆ ಗಟ್ಟಿ ತಿಂಡಿ ಕೊಡಬೇಡಿ, ಒಂದು ಲೋಟ ಮಜ್ಜಿಗೆಯೋ ಪಾನಕವೋ ಸಾಕು. ಈ ಒಂದೂವರೆ ಗಂಟೆ ನಿಮ್ಮದು. ಬಂದವರನ್ನು ಒಬ್ಬರಿಗೊಬ್ಬರಿಗೆ ಪರಿಚಯಿಸುವಾಗ ಬರೀ ಹೆಸರು, ಉದ್ಯೋಗ ಹೇಳಿ ಮುಗಿಸದೆ ಇಬ್ಬರಿಗೂ ಹೊಂದುವ ಒಂದು ಎಳೆಯನ್ನು ಸೇರಿಸಿ: ‘ಚಿಕ್ಕಪ್ಪಾ, ಇವನು ತಿಪಟೂರಿನವನು, ನೀವು ಅಲ್ಲೇ ಬ್ಯಾಂಕಿನಲ್ಲಿದ್ದಿರಲ್ಲ’ ಎಂದರೆ ಸಾಕು, ಆಮೇಲೆ ನೀವು ಎದ್ದು ಹೋದರೂ ಅವರು ಗಮನಿಸುವುದಿಲ್ಲ. ಈಚೆಗೆ ಮನೆಯವರನ್ನು ಕಳೆದುಕೊಂಡವರು, ಕೆಲಸ ಬಿಟ್ಟವರು, ಮಕ್ಕಳ ಮದುವೆಯ ಚಿಂತೆಯಲ್ಲಿರುವವರು ಬರುವವರಲ್ಲಿದ್ದರೆ, ಪ್ರಶ್ನೆ ಕೇಳುವ ಅಭ್ಯಾಸವುಳ್ಳ ನೆಂಟರಿಗೆ ಆ ವಿಷಯವನ್ನು ಮೊದಲೇ ಕಿವಿಯಲ್ಲಿ ಹೇಳಿರಬೇಕು. ಎಲ್ಲ ಕುಟುಂಬಗಳಲ್ಲೂ ಅಂಥ ನೆಂಟರು ಒಬ್ಬರಾದರೂ ಇರುತ್ತಾರೆ. ಆಸ್ತಿಯ ಮಾತು, ಚುನಾವಣೆಯ ಮಾತು ಅಂದು ಹೊಸಿಲಿನಾಚೆ ಇರಲಿ.

ಪಂಕ್ತಿಯನ್ನು ಎರಡಾಗಿ ಮಾಡಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಹಿರಿಯರು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕಾದವರು, ಮಕ್ಕಳು, ಹದಿಹರೆಯದವರು ಕೂರಲಿ. ಎರಡನೆಯದರಲ್ಲಿ ನಿಮ್ಮ ಓರಗೆಯವರು, ಗೆಳೆಯರು, ಜೊತೆಗೆ ನೀವು. ಮೊದಲ ಪಂಕ್ತಿಗೆ ನೀವೂ ಗೆಳೆಯರೂ ಸೇರಿ ಬಡಿಸಿ. ಊಟ ಮುಗಿಸಿ ಎದ್ದ ಹುಡುಗ ಹುಡುಗಿಯರು ಎರಡನೆಯ ಪಂಕ್ತಿಗೆ ಬಡಿಸಲಿ. ಮನೆಯೊಡತಿ ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಒಬ್ಬಳೇ ಉಣ್ಣುವ ಪದ್ಧತಿಯನ್ನು ಈ ಏರ್ಪಾಡು ತೆಗೆದುಹಾಕುತ್ತದೆ, ಮತ್ತು ಅದನ್ನು ತೆಗೆದುಹಾಕಲೆಂದೇ ಇದನ್ನು ಸೂಚಿಸುತ್ತಿದ್ದೇನೆ. ಹನ್ನೆರಡು ಎಲೆಗಳಿಗೆ ಮೂವರು ಬಡಿಸುವವರು ಸಾಕು.

ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಿ, ನೀರು ಚಿಮುಕಿಸಿ ಒರೆಸಿಕೊಳ್ಳಲು ಬಿಡಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಎಲೆಯ ಮೇಲ್ಭಾಗಕ್ಕೆ. ಪುಳಿಯೋಗರೆ, ಅನ್ನ ಕೆಳಭಾಗಕ್ಕೆ. ಅನ್ನ ಬಿದ್ದ ಮೇಲೆ ತುಪ್ಪ. ಸಾರು ಮೊದಲೋ ಹುಳಿ ಮೊದಲೋ ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ಅದಕ್ಕಾಗಿ ಅಲ್ಲೇ ಚರ್ಚೆಗೆ ನಿಲ್ಲದೆ ಮನೆಯ ಹಿರಿಯರು ಹೇಳಿದಂತೆ ಮಾಡಿ. ಬಡಿಸುವ ಮಕ್ಕಳಿಗೆ ಮೂರು ಮಾತು ಕಲಿಸಿದರೆ ಸಾಕು: ಬಗ್ಗಿ ಬಡಿಸಬೇಕು, ಸೌಟು ಎಲೆಗೆ ತಾಗಬಾರದು, ಸ್ವಲ್ಪ ಬಡಿಸಿ ಮತ್ತೆ ಬರಬೇಕು. ನಮ್ಮಲ್ಲಿ ‘ಸಾಕು’ ಎಂದ ಮೇಲೂ ಒಂದು ಸೌಟು ಹಾಕುವುದು ಮರ್ಯಾದೆಯ ಲಕ್ಷಣವೆಂದು ನಡೆದುಬಂದಿದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಆ ಮರ್ಯಾದೆಯನ್ನು ಮನ್ನಿಸಬೇಕು. ಅವರ ಎಲೆಗೆ ಕೋಸಂಬರಿ, ಪಲ್ಯ ಹೆಚ್ಚಾಗಿ ಬೀಳಲಿ, ಎರಡು ಚಪಾತಿಯನ್ನು ಅವರಿಗಾಗಿ ತೆಗೆದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಕುರ್ಚಿಯ ಮೇಲೆ ಕೂತು ಉಣ್ಣಬೇಕಾದವರನ್ನು ಒಂದು ಮೂಲೆಗೆ ತಳ್ಳಬೇಡಿ. ನೆಲದ ಪಂಕ್ತಿಯ ಎದುರಿಗೇ ಮೇಜು ಹಾಕಿದರೆ ಅವರೂ ಮಾತಿನೊಳಗೆ ಇರುತ್ತಾರೆ.

ಮಧ್ಯಾಹ್ನ

ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆಯನ್ನು ನಡುವೆ ಇಟ್ಟು ನೀವೂ ಕೂತುಬಿಡಿ. ಎಂಜಲೆಲೆಗಳನ್ನು ಹಸಿ ಕಸಕ್ಕೆ ಹಾಕಿದರೆ ಆಯಿತು, ಉಳಿದ ಪಾತ್ರೆಗಳು ನೀರು ತುಂಬಿಕೊಂಡು ಸಿಂಕಿನಲ್ಲಿ ಕಾಯುತ್ತಿರಲಿ. ಮಿಕ್ಕ ಅಡುಗೆಯನ್ನು ಮಾತ್ರ ಕಾಯಿಸಬೇಡಿ: ಬೇಯಿಸಿದ ಪದಾರ್ಥ, ಅದರಲ್ಲೂ ಅನ್ನ ಮತ್ತು ಕಾಯಿ ಹಾಕಿದ ಹುಳಿ, ಹೊರಗೆ ಎರಡು ಗಂಟೆಗಿಂತ ಹೆಚ್ಚು ಉಳಿದರೆ ಕೆಡಲು ಶುರುವಾಗುತ್ತದೆ, ಆದ್ದರಿಂದ ಚಿಕ್ಕ ಡಬ್ಬಗಳಿಗೆ ತುಂಬಿ ಫ್ರಿಜ್ಜಿಗೆ ಸೇರಿಸಿ. ಪಾತ್ರೆ ತೊಳೆಯಲು ಬರುವವರಿಗೆ ಅಂದಿನ ಹೆಚ್ಚುವರಿ ಕೂಲಿಯನ್ನು ಮೊದಲೇ ಮಾತಾಡಿ, ಅವರ ಊಟವನ್ನು ಮೊದಲ ಪಂಕ್ತಿಯ ಹೊತ್ತಿಗೇ ಬೇರೆ ತೆಗೆದಿಡಿ.

ಮಧ್ಯಾಹ್ನಕ್ಕೆ ಕಾರ್ಯಕ್ರಮವೇನೂ ಬೇಡ, ಆದರೆ ಕೈಗೆಟಕುವಂತೆ ಕೆಲವು ವಸ್ತುಗಳಿದ್ದರೆ ಒಳ್ಳೆಯದು. ಹಳೆಯ ಫೋಟೋ ಆಲ್ಬಮ್ಮುಗಳನ್ನು ಅಟ್ಟದಿಂದ ಇಳಿಸಿ ಇಡಿ, ಪಕ್ಕದಲ್ಲಿ ಒಂದು ಪೆನ್ಸಿಲ್ ಇರಲಿ. ಮದುವೆಯ ಗುಂಪುಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಬುಶ್ ಶರ್ಟಿನ ಮನುಷ್ಯ ಯಾರೆಂದು ಹೇಳಬಲ್ಲವರು ಕುಟುಂಬದಲ್ಲಿ ಇಬ್ಬರೋ ಮೂವರೋ ಉಳಿದಿರುತ್ತಾರೆ. ಅವರು ಹೇಳಿದ ಹೆಸರು, ಊರುಗಳನ್ನು ಫೋಟೋದ ಹಿಂಬದಿಯಲ್ಲಿ ಒತ್ತದೆ ಹಗುರವಾಗಿ ಬರೆಯಿರಿ. ಸೋದರತ್ತೆ ಹಾಡುವುದಾದರೆ, ಅಜ್ಜ ಊರಿನ ಕೆರೆಯ ಕತೆ ಹೇಳುವುದಾದರೆ, ಮಕ್ಕಳಲ್ಲಿ ಒಬ್ಬರು ಫೋನಿನಲ್ಲಿ ದನಿಯನ್ನು ಮಾತ್ರ ಮುದ್ರಿಸಿಕೊಳ್ಳಲಿ. ಕ್ಯಾಮೆರಾ ಎದುರಿಗೆ ಬಂದರೆ ಹಿರಿಯರ ಮಾತು ಭಾಷಣವಾಗಿಬಿಡುತ್ತದೆ.

ಇನ್ನೊಂದು ಮೂಲೆಯಲ್ಲಿ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕಾಬಾರ ಬರೆದು ನಾಲ್ಕು ಕವಡೆ ಇಟ್ಟರೆ ಆಡುವವರನ್ನು ಯಾರೂ ಕರೆಯಬೇಕಾಗಿಲ್ಲ. ಹತ್ತು ವರ್ಷದ ಹುಡುಗಿ ಎಪ್ಪತ್ತು ದಾಟಿದವರ ಕಾಯಿಯನ್ನು ಹೊಡೆದು ಮನೆಗೆ ಕಳಿಸಬಹುದಾದ ಆಟ ಇದು. ಹುಡುಗರ ಮೊಬೈಲನ್ನು ಕೆಳಗಿಡಿಸುವುದಕ್ಕೂ ಇಷ್ಟೇ ಸಾಕು. ಗೆಳೆಯರ ಗುಂಪು ಹೇಗೂ ಬಾಲ್ಕನಿ ಸೇರಿರುತ್ತದೆ. ಅಲ್ಲಿ ಹಳೆಯ ಅಡ್ಡಹೆಸರುಗಳು ಹೊರಬೀಳುತ್ತಿರುತ್ತವೆ, ಮಕ್ಕಳನ್ನು ಅಲ್ಲಿಂದ ಓಡಿಸಬೇಡಿ; ಅಪ್ಪನಿಗೂ ಒಂದು ಅಡ್ಡಹೆಸರಿತ್ತೆಂದು ಅವರಿಗೆ ತಿಳಿಯುವುದು ಇಂಥ ದಿನವೇ.

ನಾಲ್ಕಕ್ಕೆ ಕಾಫಿ. ಮನೆಯ ಒಂದು ಫಿಲ್ಟರ್ ಇಷ್ಟು ಜನಕ್ಕೆ ಸಾಲದು, ಇನ್ನೊಂದನ್ನು ತಂದಿಟ್ಟುಕೊಂಡು ಎರಡಕ್ಕೂ ಒಂದೂವರೆಗೇ ಕುದಿನೀರು ಹಾಕಿ. 250 ಗ್ರಾಂ ಪುಡಿ ಮತ್ತು ಎರಡೂವರೆ ಲೀಟರ್ ಹಾಲಿಗೆ ಇಪ್ಪತ್ತೈದು ಸಣ್ಣ ಲೋಟ ಬರುತ್ತದೆ. ಎರಡೂ ಫಿಲ್ಟರುಗಳನ್ನು ಎರಡು ಸಲ ತುಂಬಬೇಕಾದೀತು. ಹಿಂದಿನ ರಾತ್ರಿಯ ಡಿಕಾಕ್ಷನ್ ಎಂದರೆ ಮುಖ ಸಿಂಡರಿಸುವವರು ನಮ್ಮಲ್ಲಿ ಇದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಸಕ್ಕರೆಯನ್ನು ಬೆರೆಸದೆ ಪಕ್ಕದಲ್ಲಿಡಿ. ಜೊತೆಗೆ ಕೋಡುಬಳೆ, ಚಕ್ಕುಲಿ ಸಾಕು; ಈ ಹೊತ್ತಿನಲ್ಲಿ ಬಾಣಲೆ ಏರಿಸಿ ಬಜ್ಜಿ ಕರಿಯಲು ನಿಂತರೆ ಬೆಳಗಿನಿಂದ ಉಳಿಸಿಕೊಂಡ ಬಿಡುವೆಲ್ಲ ಅಲ್ಲಿಗೆ ಮುಗಿಯುತ್ತದೆ.

ಹೊರಡುವವರು, ಉಳಿಯುವವರು

ಬಸ್ಸು, ರೈಲು ಹಿಡಿಯಬೇಕಾದವರ ತಾಂಬೂಲ ಮೊದಲು ಸಿದ್ಧವಾಗಿರಲಿ. ಹೆಂಗಸರಿಗೆ ಅರಿಶಿನ ಕುಂಕುಮದ ಜೊತೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹೂವು. ಗಂಡನನ್ನು ಕಳೆದುಕೊಂಡವರನ್ನು ಈ ಹೊತ್ತಿನಲ್ಲಿ ಬದಿಗಿರಿಸುವುದನ್ನು ಇನ್ನೂ ಕೆಲವು ಮನೆಗಳಲ್ಲಿ ಕಾಣುತ್ತೇವೆ. ನಿಮ್ಮ ಮನೆಯಲ್ಲಿ ಹೂವು ಹಣ್ಣಿನ ತಟ್ಟೆ ಎಲ್ಲರ ಮುಂದೆಯೂ ಒಂದೇ ಬಗೆಯಲ್ಲಿ ಬರಲಿ. ಪುಳಿಯೋಗರೆ, ಹೋಳಿಗೆ ಉಳಿದಿದ್ದರೆ ರಾತ್ರಿ ಪ್ರಯಾಣ ಮಾಡುವವರಿಗೆ ಕಟ್ಟಿಕೊಡಿ. ಹುಳಿ, ಮೊಸರನ್ನು ದೂರದ ಪ್ರಯಾಣಕ್ಕೆ ಕೊಡುವುದು ಬೇಡ.

ಎಂಟು ಹತ್ತು ಜನ ಉಳಿದೇ ಉಳಿಯುತ್ತಾರೆ, ಅವರಿಗೆ ರಾತ್ರಿಗೆ ಹೊಸ ಅಡುಗೆ ಮಾಡಬಾರದು. ಮಧ್ಯಾಹ್ನದ ಸಾರನ್ನು ಚೆನ್ನಾಗಿ ಕುದಿಸಿ, ಬೇಕಾದಷ್ಟು ಬಿಸಿ ಅನ್ನ ಮಾಡಿ, ಉಳಿದ ಮೊಸರು, ಸುಟ್ಟ ಹಪ್ಪಳ ಇಟ್ಟರೆ ಅದನ್ನು ಮಧ್ಯಾಹ್ನದ ಊಟಕ್ಕಿಂತ ಹೆಚ್ಚು ಹೊಗಳುವವರಿದ್ದಾರೆ. ಹಾಸಿಗೆಗಳನ್ನು ನಡುಮನೆಯಲ್ಲೇ ಸಾಲಾಗಿ ಹಾಸಿ, ಚಳಿಗಾಲವಾದ್ದರಿಂದ ಕಂಬಳಿಗಳನ್ನು ಒಂದೆರಡು ದಿನ ಮೊದಲೇ ಬಿಸಿಲಿಗೆ ಹಾಕಿ ತೆಗೆದಿಟ್ಟಿರಿ. ಬೇರೆ ಬೇರೆ ಕೋಣೆಗೆ ಕಳಿಸಿದರೆ ಹತ್ತಕ್ಕೆ ದೀಪ ಆರುತ್ತದೆ, ಒಂದೇ ಕಡೆ ಮಲಗಿದರೆ ಮಾತು ರಾತ್ರಿ ಒಂದರವರೆಗೂ ನಡೆಯುತ್ತದೆ.

ಮರುದಿನ ಬಾಡಿಗೆ ಪಾತ್ರೆಗಳನ್ನು ತೊಳೆದು ಒಣಗಿಸಿ, ಬರೆದಿಟ್ಟ ಪಟ್ಟಿಗೆ ತಾಳೆ ನೋಡಿ ಹಿಂದಿರುಗಿಸಿ. ಸೌಟುಗಳು ನೆಂಟರ ಚೀಲಗಳಲ್ಲಿ ಊರು ಸೇರುವುದುಂಟು, ಆದ್ದರಿಂದ ಯಾರೂ ಹೊರಡುವ ಮೊದಲೇ ಎಣಿಸುವುದು ಲೇಸು. ಅದೇ ಪಟ್ಟಿಯ ಕೆಳಗೆ ಅಕ್ಕಿ ಎಷ್ಟು ಉಳಿಯಿತು, ಮೊಸರು ಸಾಕಾಯಿತೇ, ಯಾವ ಅಡುಗೆ ಮೊದಲು ಖಾಲಿಯಾಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ಮೇಲೆ ಹೇಳಿದ ಅಳತೆಗಳು ಸಾಮಾನ್ಯ ಲೆಕ್ಕದವು, ನಿಮ್ಮ ಕಡೆಯ ಜನ ಅನ್ನ ಹೆಚ್ಚು ಉಣ್ಣುವವರೋ ಪಲ್ಯ ಹೆಚ್ಚು ತಿನ್ನುವವರೋ ಎಂಬುದು ಆ ನಾಲ್ಕು ಸಾಲಿನಿಂದಲೇ ಗೊತ್ತಾಗಬೇಕು.